ಅಮ್ಮನಿಗೆ ಆಲ್‌ಝೈಮರ್ಸ್, ಅಜ್ಜಿಗೂ ಮರೆವಿತ್ತು: ನಾವು ಮಕ್ಕಳು ಜೀನ್ ಪರೀಕ್ಷೆ ಮಾಡಿಸಬೇಕಾ?

ಕೇಳಿದವರು: ಅಮ್ಮನಿಗೆ 74. ಆಲ್‌ಝೈಮರ್ಸ್ ಎಂದಿದ್ದಾರೆ. ಅಮ್ಮನ ತಾಯಿಗೂ ಎಂಬತ್ತರ ಹತ್ತಿರ ಮರೆವು ಬಂದಿತ್ತು. ಆಗ ಅರಳು ಮರಳು ಅಂತ ಎಲ್ಲರೂ ಸುಮ್ಮನಾದರು. ಅಮ್ಮನನ್ನು ಸೋದರಮಾವನಿಗೇ ಕೊಟ್ಟಿದ್ದು. ನನಗೆ 46, ಬೆಂಗಳೂರಲ್ಲಿದ್ದೇನೆ. ತಂಗಿ ಅಮೆರಿಕದಲ್ಲಿದ್ದಾಳೆ, ಎಂಜಲಿನ ಕಿಟ್ ತರಿಸಿ ನೋಡಿಬಿಡೋಣ ಅಂತಿದ್ದಾಳೆ. ಗೊತ್ತಿರುವವರು ದಯವಿಟ್ಟು ಹೇಳಿ.

ಜೆನೆಟಿಕ್ ಕೌನ್ಸೆಲರ್: ಕಿಟ್ ಆಮೇಲೆ, ಮೊದಲು ಒಂದು ಹಾಳೆ ತಗೊಳ್ಳಿ ಮೇಡಂ. ಮೂರು ತಲೆಮಾರು ಬರೆಯಿರಿ. ಪ್ರತಿಯೊಬ್ಬರ ಹೆಸರಿನ ಮುಂದೆ ಮರೆವು *ಶುರುವಾದ* ವಯಸ್ಸು ಹಾಕಿ, ಡಾಕ್ಟರ್ ಹೆಸರಿಟ್ಟ ವಯಸ್ಸಲ್ಲ. ಇವೆರಡರ ನಡುವೆ ಎಷ್ಟೋ ಸಲ ವರ್ಷಗಳ ಅಂತರ ಇರುತ್ತದೆ. "ಯಾವಾಗಿಂದ ಮರೆವು?" ಅಂತ ಕೇಳಿದರೆ ಮನೆಯವರಿಗೆ ನೆನಪಾಗುವುದಿಲ್ಲ. "ಹಾಲಿನ ಲೆಕ್ಕ ಬೇರೆಯವರ ಕೈಗೆ ಹೋಗಿದ್ದು ಯಾವಾಗ? ಸಾರಿಗೆ ಎರಡೆರಡು ಸಲ ಉಪ್ಪು ಬಿದ್ದದ್ದು ಯಾರ ಮದುವೆ ವರ್ಷ?" ಅಂತ ಕೇಳಿ, ಸರಿಯಾಗಿ ಹೇಳುತ್ತಾರೆ. ಲಕ್ವ, ಬಿಪಿ, ಶುಗರ್ ಇದ್ದವರನ್ನೂ ಗುರುತು ಮಾಡಿ. 55ಕ್ಕೇ ಹಾರ್ಟ್ ಅಟ್ಯಾಕ್‌ನಲ್ಲಿ ಹೋದವರನ್ನು "ಮರೆವು ಇರಲಿಲ್ಲ" ಅಂತ ಬರೆಯಬೇಡಿ, ಅವರು ಆ ವಯಸ್ಸು ಮುಟ್ಟಲೇ ಇಲ್ಲ.

ಹಾಳೆ ಯಾಕೆಂದರೆ, ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. 65ರೊಳಗೇ, ಅದರಲ್ಲೂ ನಲವತ್ತು ಐವತ್ತರಲ್ಲಿ, ತಲೆಮಾರು ತಪ್ಪದೆ ಬರುವ ಮನೆತನಗಳಲ್ಲಿ ಪಿಎಸ್‌ಇಎನ್1, ಪಿಎಸ್‌ಇಎನ್2, ಎಪಿಪಿ ಎಂಬ ಮೂರು ಜೀನುಗಳನ್ನು ನೋಡುತ್ತಾರೆ. ಯಾವ ಜೀನಿಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡು ಪ್ರತಿ ಇರುತ್ತವೆ. ಇಲ್ಲಿ ಒಂದು ಕೆಟ್ಟ ಪ್ರತಿ ಸಾಕು, ಮಕ್ಕಳಿಗೆ ದಾಟುವ ಸಂಭವ 50%, ದಾಟಿದರೆ ಕಾಯಿಲೆ ಬಹುತೇಕ ಖಚಿತ. ಒಟ್ಟು ಆಲ್‌ಝೈಮರ್ಸ್‌ನಲ್ಲಿ ಇದರ ಪಾಲು 1%ಗೂ ಕಡಿಮೆ. ನೀವು ಕೊಟ್ಟ ವಯಸ್ಸುಗಳು ಆ ಗುಂಪಿನವಲ್ಲ. ನಿಮ್ಮ ಮನೆಯಲ್ಲಿ ನೋಡುವುದಾದರೆ ಎಪಿಒಇ ಜೀನ್. ಅದು ತೀರ್ಪು ಕೊಡುವುದಿಲ್ಲ, ಅಪಾಯ ಹೆಚ್ಚೋ ಕಡಿಮೆಯೋ ಅನ್ನುತ್ತದೆ ಅಷ್ಟೇ.

ಸೋದರಮಾವನ ಸಂಬಂಧ ಹೇಳಿದ್ದು ಒಳ್ಳೆಯದಾಯಿತು. ನಿಮ್ಮ ಅಜ್ಜಿ ಎಂದರೆ ನಿಮ್ಮ ತಂದೆಯ ಒಡಹುಟ್ಟಿದ ಅಕ್ಕ. ಅಮ್ಮನಲ್ಲಿ ಎಪಿಒಇಯ ಇ4 ಎಂಬ, ಅಪಾಯ ಹೆಚ್ಚಿಸುವ ರೂಪದ ಒಂದು ಪ್ರತಿ ಇದ್ದು, ಅದು ಅಜ್ಜಿಯಿಂದಲೇ ಬಂದಿದೆ ಅಂತಿಟ್ಟುಕೊಳ್ಳಿ. ಅಜ್ಜಿಗೆ ಅದು ಸಿಕ್ಕಿದ್ದು ನಿಮ್ಮ ತಂದೆಯ ಅಪ್ಪ ಅಮ್ಮನಿಂದಲೇ, ಹಾಗಾಗಿ ಅದೇ ಪ್ರತಿ ತಂದೆಗೂ ಬಂದಿರುವ ಸಂಭವ ಅರ್ಧ. ಅವರಿಂದ ನಿಮಗೆ ಅರ್ಧದಲ್ಲಿ ಅರ್ಧ, ಅಮ್ಮನ ಕಡೆಯಿಂದ ಅರ್ಧ. ಗುಣಿಸಿದರೆ ಎರಡೂ ಪ್ರತಿ ಇ4 ಆಗುವ ಸಂಭವ 8ರಲ್ಲಿ 1. ತಂದೆ ಹೊರಗಿನ ಸಂಬಂಧವಾಗಿದ್ದರೆ ಇದು 3–4%ರ ಆಸುಪಾಸು ಇರುತ್ತಿತ್ತು. ಕೌನ್ಸೆಲಿಂಗ್‌ಗೆ ಹೋದಾಗ ಈ ವಿಷಯ ಬಿಡದೆ ಹೇಳಿ, ಫಾರಂನಲ್ಲಿ ಅದಕ್ಕೆ ಜಾಗ ಇರದಿದ್ದರೂ.

ಮಾಲಿಕ್ಯುಲರ್ ಲ್ಯಾಬ್‌ನವರು: ಪರೀಕ್ಷೆಯ ಕಡೆಯಿಂದ ಒಂದೆರಡು ಮಾತು. ಚೀಟಿಯಲ್ಲಿ "ಎಪಿಒಇ ಜೀನೋಟೈಪಿಂಗ್" ಅಂತಲೇ ಬರೆಸಿ. ಬರೀ "ಅಪೊಲಿಪೊಪ್ರೋಟೀನ್" ಅಂದರೆ ಕೊಲೆಸ್ಟ್ರಾಲ್ ಪಟ್ಟಿಯ ಅಪೊ ಬಿ, ಅಪೊ ಎ1 ಮಾಡಿ ಕಳಿಸುವ ಸಾಧ್ಯತೆ ಇದೆ. ಅವು ರಕ್ತದಲ್ಲಿನ ಪ್ರೋಟೀನಿನ ಪ್ರಮಾಣ ಅಳೆಯುತ್ತವೆ, ಜೀನಿನದ್ದಲ್ಲ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2–3 ಎಂಎಲ್ ರಕ್ತ ಸಾಕು, ಖಾಲಿ ಹೊಟ್ಟೆ ಬೇಕಿಲ್ಲ. ಎಂಜಲಾದರೆ ಅರ್ಧ ಗಂಟೆ ಮೊದಲಿನಿಂದ ಊಟ, ಕಾಫಿ, ಎಲೆಅಡಿಕೆ ಯಾವುದೂ ಬೇಡ.

ಈ ಜೀನ್ 19ನೇ ಕ್ರೋಮೋಸೋಮಿನಲ್ಲಿದೆ. ಓದುವುದು ಎರಡೇ ಜಾಗ: ಆರ್‌ಎಸ್429358 ಮತ್ತು ಆರ್‌ಎಸ್7412. ಅಲ್ಲಿ ಸಿ ಅಥವಾ ಟಿ ಎಂಬ ಡಿಎನ್‌ಎ ಅಕ್ಷರ ಇರುತ್ತದೆ. ಒಂದು ಪ್ರತಿಯಲ್ಲಿ ಎರಡೂ ಕಡೆ ಸಿ ಇದ್ದರೆ ಇ4. ಮೊದಲನೆಯದು ಟಿ, ಎರಡನೆಯದು ಸಿ ಆದರೆ ಇ3, ಇದೇ ಸಾಮಾನ್ಯ ರೂಪ. ಎರಡೂ ಟಿ ಆದರೆ ಇ2, ಇದು ಸ್ವಲ್ಪ ರಕ್ಷಣೆ ಕೊಡುವಂಥದ್ದು. ಎರಡೂ ಜಾಗದಲ್ಲಿ ಸಿ/ಟಿ ಮಿಶ್ರ ಬಂದರೆ ಇ2/ಇ4 ಎಂದು ಓದುತ್ತಾರೆ. ಕಿಟ್ ಕಂಪನಿಯ ಕಚ್ಚಾ ಫೈಲು ಇಳಿಸಿಕೊಂಡು ಯಾವುದೋ ವೆಬ್‌ಸೈಟಿಗೆ ಹಾಕಿ ಓದಿಸುವವರು ಎಡವುವುದು ಇಲ್ಲೇ: ಕೆಲವು ಫೈಲುಗಳು ಡಿಎನ್‌ಎಯ ಎದುರು ಎಳೆಯನ್ನು ಬರೆದಿರುತ್ತವೆ, ಆಗ ಸಿ ಇದ್ದಲ್ಲಿ ಜಿ, ಟಿ ಇದ್ದಲ್ಲಿ ಎ ಕಾಣುತ್ತದೆ. ಕಿಟ್ಟಿನ ಉತ್ತರ ಏನೇ ಬರಲಿ, ಅದರ ಮೇಲೆ ತೀರ್ಮಾನ ತಗೊಳ್ಳುವ ಮುಂಚೆ ಹೊಸ ಸ್ಯಾಂಪಲ್ ಕೊಟ್ಟು ಕ್ಲಿನಿಕಲ್ ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳಿ.

ನರರೋಗ ವೈದ್ಯೆ: ಸಂಖ್ಯೆ ನೋಡಿ ಗಾಬರಿಯಾಗುವವರಿಗೆ ಇದು. ಒಂದು ಇ4 ಇದ್ದರೆ ಇ3/ಇ3 ಇದ್ದವರಿಗಿಂತ ಅಪಾಯ ಸುಮಾರು 3 ಪಟ್ಟು, ಎರಡಿದ್ದರೆ 8ರಿಂದ 12 ಪಟ್ಟು ಎಂದು ಹೇಳುತ್ತಾರಲ್ಲ, ಅದು ಹೆಚ್ಚಾಗಿ ಯುರೋಪಿಯನ್ ಮೂಲದವರನ್ನು ನೋಡಿ ಬಂದ ಲೆಕ್ಕ. ಆಫ್ರಿಕನ್ ಮೂಲದವರಲ್ಲಿ ಇ4ನ ಪರಿಣಾಮ ಕಡಿಮೆ, ಜಪಾನಿನವರಲ್ಲಿ ಹೆಚ್ಚು. ನಮ್ಮಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇ4ನ ಪ್ರಮಾಣ 0.07 (ನೂರು ಪ್ರತಿಗಳಲ್ಲಿ 7) ಇತ್ತು, ಹೋಲಿಕೆಗೆ ತೆಗೆದುಕೊಂಡ ಅಮೆರಿಕದ ಊರಿನಲ್ಲಿ 0.11. ಇ4ಗೂ ಕಾಯಿಲೆಗೂ ನಂಟು ಮಾತ್ರ ಎರಡೂ ಕಡೆ ಇತ್ತು. ದಕ್ಷಿಣದವರ ಲೆಕ್ಕಕ್ಕೆ ಕೋಲಾರದ ಶ್ರೀನಿವಾಸಪುರದಲ್ಲಿ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರ ಹಳ್ಳಿಯವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ನಡೆಸುತ್ತಿದೆ.

ಎರಡು ಇ4 ಇದ್ದೂ ಕಾಯಿಲೆ ಬಾರದೆ ತೊಂಬತ್ತು ದಾಟಿದವರಿದ್ದಾರೆ. ಒಂದೂ ಇಲ್ಲದೆ ಕಾಯಿಲೆ ಬಂದವರು ಧಾರಾಳವಾಗಿದ್ದಾರೆ. ಹಾಗಾಗಿ ಸ್ವಸ್ಥರಾಗಿರುವ ಮಕ್ಕಳಿಗೆ ಈ ಪರೀಕ್ಷೆಯನ್ನು ನಾವಾಗಿ ಬರೆದುಕೊಡುವುದಿಲ್ಲ.

ಅಮ್ಮನ ಪರೀಕ್ಷೆಗೆ ಮಾತ್ರ ಒಂದು ನಿಜವಾದ ಕಾರಣ ಇರಬಹುದು. ಮೆದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆಯುವ ಲೆಕಾನೆಮ್ಯಾಬ್‌ನಂಥ ಔಷಧ ಯೋಚಿಸುತ್ತಿದ್ದರೆ ಎಪಿಒಇ ನೋಡಲೇಬೇಕು. ಅದರ ದೊಡ್ಡ ಪ್ರಯೋಗದಲ್ಲಿ ಔಷಧ ಪಡೆದವರ ಪೈಕಿ ಎರಡು ಇ4 ಇದ್ದವರಲ್ಲಿ 32.6% ಮಂದಿಗೆ ಎಂಆರ್‌ಐನಲ್ಲಿ ಮೆದುಳಿನ ಬಾವು ಕಂಡಿತು. ಒಂದಿದ್ದವರಲ್ಲಿ 10.9%, ಇಲ್ಲದವರಲ್ಲಿ 5.4%. ಅದು ಕಾಯಿಲೆಯ ಆರಂಭದ ಹಂತಕ್ಕೆ ಮಾತ್ರ ಕೊಡುವ ಔಷಧ ಅನ್ನುವುದೂ ಗಮನದಲ್ಲಿರಲಿ.

ಇನ್ನೊಂದು, ಅಮ್ಮನಿಗೆ ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಒಂದು ಎಂಆರ್‌ಐ ಆಗಿದೆಯಾ? ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಬಲು ಸಾಮಾನ್ಯ. ರಾತ್ರಿ ನಿದ್ದೆಗೆಂದು ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್ ಕೂಡ ವಯಸ್ಸಾದವರ ನೆನಪನ್ನು ಕೆಡಿಸುತ್ತವೆ. ಮಾತ್ರೆ ಡಬ್ಬಿಯನ್ನೇ ಡಾಕ್ಟರ ಮುಂದಿಡಿ.

ವಿಮೆ ವಿಷಯ ಬಲ್ಲವರು: ತಂಗಿ ಎಂಜಲು ಉಗಿಯುವ ಮುಂಚೆ ಇದನ್ನು ಓದಲಿ. ಜೀನ್ ಮಾಹಿತಿ ನೋಡಿ ಭೇದಭಾವ ಮಾಡುವುದನ್ನು ತಡೆಯುವ ಅಮೆರಿಕದ 2008ರ ಗಿನಾ ಕಾಯ್ದೆ ಆರೋಗ್ಯ ವಿಮೆ ಮತ್ತು ಉದ್ಯೋಗದಲ್ಲಿ ಮಾತ್ರ ರಕ್ಷಣೆ ಕೊಡುತ್ತದೆ. ಜೀವ ವಿಮೆ, ಅಂಗವೈಕಲ್ಯ ವಿಮೆ, ದೀರ್ಘಾವಧಿ ಆರೈಕೆ ವಿಮೆಗೆ ಅದು ಅನ್ವಯಿಸುವುದಿಲ್ಲ. ಮರೆವಿನ ಕಾಯಿಲೆಗೆ ನೇರ ಬೇಕಾಗುವುದು ಆ ಕೊನೆಯದ್ದೇ. ಕೆಲವು ರಾಜ್ಯಗಳಲ್ಲಿ ಇನ್ನಷ್ಟು ರಕ್ಷಣೆ ಇದೆ, ತನ್ನ ರಾಜ್ಯದ್ದು ವಿಚಾರಿಸಲಿ. ಪಾಲಿಸಿ ಮೊದಲು, ಪರೀಕ್ಷೆ ಆಮೇಲೆ.

ಇಲ್ಲಿ ನಿಮಗೆ ಗಿನಾದಂಥ ಪ್ರತ್ಯೇಕ ಕಾಯ್ದೆ ಇಲ್ಲ. ಪ್ರಪೋಸಲ್ ಫಾರಂನಲ್ಲಿ ಕೇಳಿದ್ದಕ್ಕೆ ಸುಳ್ಳು ಬರೆಯಬೇಡಿ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಜೀವ ವಿಮೆಯಲ್ಲಿ ಮೊದಲ 3 ವರ್ಷ ಕಂಪನಿ ಪಾಲಿಸಿಯನ್ನು ಪ್ರಶ್ನಿಸಬಹುದು.

ಜೆನೆಟಿಕ್ ಕೌನ್ಸೆಲರ್: ಸ್ವಸ್ಥ ಮಕ್ಕಳಿಗೆ ಪರೀಕ್ಷೆ ಬರೆದುಕೊಡುವುದಿಲ್ಲ ಅಂತ ವೈದ್ಯೆ ಹೇಳಿದ್ದಕ್ಕೆ ನನ್ನದು ಅರ್ಧ ಒಪ್ಪಿಗೆ. ತಿಳಿದುಕೊಂಡವರೆಲ್ಲ ಕುಸಿದು ಹೋಗುತ್ತಾರೆ ಅನ್ನುವುದಕ್ಕೆ ಆಧಾರ ಕಡಿಮೆ. ಅಮೆರಿಕದ ರಿವೀಲ್ ಅಧ್ಯಯನ 2009ರಲ್ಲೇ ರೋಗಿಗಳ ಮಕ್ಕಳಿಗೆ ಫಲಿತಾಂಶ ತಿಳಿಸಿ ನೋಡಿತು. ಕೌನ್ಸೆಲಿಂಗ್ ಜೊತೆ ತಿಳಿಸಿದಾಗ ಆತಂಕ, ಖಿನ್ನತೆ ಗಣನೀಯವಾಗಿ ಏರಲಿಲ್ಲ. ಆದರೆ ಮೊದಲೇ ತುಂಬಾ ಆತಂಕ, ಖಿನ್ನತೆ ಇದ್ದವರನ್ನು ಅವರು ಸೇರಿಸಿಕೊಂಡಿರಲಿಲ್ಲ. ಸದ್ಯ ನಿಮ್ಮ ಮನಸ್ಸು ಆ ಸ್ಥಿತಿಯಲ್ಲಿದ್ದರೆ ಮುಂದೂಡಿ.

ನರರೋಗ ವೈದ್ಯೆ: ಸರಿ, ಅದು ಒಪ್ಪುವ ಮಾತು. ಆದರೂ ಫಲಿತಾಂಶ ಏನೇ ಬಂದರೂ 46ರಲ್ಲಿ ಮಾಡಬೇಕಾದ್ದು ಅದೇ: ಬಿಪಿ, ಶುಗರ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಹತೋಟಿ, ಕಿವಿ ಮಂದವಾದರೆ ಹಿಯರಿಂಗ್ ಏಡ್. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ಬದಲಾಯಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು, ಶ್ರವಣದೋಷ ಮತ್ತು ಎಲ್‌ಡಿಎಲ್ ಅದರಲ್ಲಿ ತಲಾ 7% ಪಾಲಿನ ದೊಡ್ಡ ಅಂಶಗಳು.

ಕೇಳಿದವರು: ತಂಗಿ ಒಬ್ಬಳೇ ಮಾಡಿಸಿಕೊಂಡರೆ ನನಗೆ ಗೊತ್ತಾಗುವುದಿಲ್ಲ ತಾನೆ?

ಜೆನೆಟಿಕ್ ಕೌನ್ಸೆಲರ್: ಅವಳದು ಇ4/ಇ4 ಬಂದರೆ ಅಪ್ಪ ಅಮ್ಮ ಇಬ್ಬರಲ್ಲೂ ಕನಿಷ್ಠ ಒಂದೊಂದು ಇದೆ ಅಂತ ಆಗಲೇ ತಿಳಿದುಹೋಯಿತು. ನಿಮಗೂ ಎರಡೂ ಇರುವ ಸಂಭವ ಕನಿಷ್ಠ 4ರಲ್ಲಿ 1. ಅಮ್ಮನದ್ದೇ ಇ4/ಇ4 ಎಂದು ಬಂದರೆ ನಿಮ್ಮಿಬ್ಬರಲ್ಲೂ ಒಂದು ಇರುವುದು ಖಂಡಿತ. ನಿಮಗೆ ತಿಳಿಯುವುದು ಬೇಡವಾದರೆ ಕಿಟ್ ಪೋಸ್ಟ್ ಆಗುವ ಮುಂಚೆಯೇ ತಂಗಿಗೆ ಸ್ಪಷ್ಟವಾಗಿ ಹೇಳಿಬಿಡಿ, ಫ್ಯಾಮಿಲಿ ವಾಟ್ಸಾಪ್ ಗುಂಪಿಗೆ ಪಿಡಿಎಫ್ ಹಾಕದಂತೆಯೂ. ನಿಮ್ಮ ಮಕ್ಕಳು 18 ತುಂಬದವರಾದರೆ ಅವರಿಗಂತೂ ಮಾಡಿಸಲೇಬೇಡಿ.