ಅಪ್ಪ ಅಮ್ಮನ್ನ ಕರ್ಕೊಂಡು ಕೆರ್ರಿ ಕಡೆ ಡ್ರೈವ್, ರಿಂಗ್ ಆಫ್ ಕೆರ್ರಿನಾ ಡಿಂಗಲ್ಲಾ?

ಹೇಮಾವತಿ_ದಂಡೆ:
ನಮಸ್ಕಾರ ಎಲ್ರಿಗೂ. ನಾನಿರೋದು ಡಬ್ಲಿನ್‌ನಲ್ಲಿ, ಜೂನ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರ್ತಿದಾರೆ, ಊರೊಳಗಿನ ಬಿಲ್ಡಿಂಗ್ ತೋರ್ಸಿ ಏನ್ ಮಾಡ್ಲಿ, ಸಮುದ್ರದ ಪಕ್ಕದ ಹಳ್ಳಿ ದಾರೀಲಿ ಎರಡು ದಿನ ಸುತ್ತಾಡ್ಸೋಣ ಅಂತ ಐರ್ಲೆಂಡಿನ ಕೆರ್ರಿ ಜಿಲ್ಲೆಯ ಕಿಲಾರ್ನಿಲಿ ರೂಮ್ ಮಾಡಿದೀನಿ. ಒಂದೇ ದಿನದಲ್ಲಿ ರಿಂಗ್ ಆಫ್ ಕೆರ್ರಿ ಅನ್ನೋ ಸುತ್ತು ದಾರಿ ಮುಗ್ಸಿ ಸಂಜೆಗೆ ಡಿಂಗಲ್ ಪರ್ಯಾಯ ದ್ವೀಪಾನೂ ನೋಡ್ಕೊಂಡ್ ಬರೋಕಾಗತ್ತಾ? ಅಮ್ಮಂಗೆ ತಿರುವಿನ ರೋಡಂದ್ರೆ ವಾಂತಿ, ಶಿರಾಡಿ ಘಾಟಿ ಶುರುವಾಗೋ ಮೊದ್ಲೇ ನಿಂಬೆಹಣ್ಣು ಮೂಸ್ತಾ ಕೂತಿರ್ತಾರೆ. ಅಪ್ಪಂಗೆ ಮಂಡಿ ನೋವು. ಇಬ್ರೂ ಮೊಟ್ಟೆನೂ ಮುಟ್ಟಲ್ಲ.

ಜಡಿಮಳೆ:
ದಯವಿಟ್ಟು ಒಂದೇ ದಿನ ಎರಡೂ ಬೇಡ! ರಿಂಗ್ ಆಫ್ ಕೆರ್ರಿ ಒಂದೇ 179 ಕಿ.ಮೀ., ಕಾರಲ್ಲೇ ಕೂತು ಕೂತು ನಿಮ್ಮಪ್ಪನ ಮಂಡಿ ಹಿಡ್ಕೊಂಡ್ಬಿಡತ್ತೆ. ನನ್ನ ಕೇಳಿದ್ರೆ ರಿಂಗ್ ಪೂರ್ತಿ ಬಿಟ್ಟು ಡಿಂಗಲ್‌ಗೆ ಒಂದಿಡೀ ದಿನ ಕೊಡಿ. ಕಿಲಾರ್ನಿಯಿಂದ ಕ್ಯಾಸಲ್‌ಮೇನ್ ಮೇಲೆ ಹೋದ್ರೆ ಇಂಚ್ ಬೀಚ್ ಸಿಗತ್ತೆ, ಐದು ಕಿ.ಮೀ. ಹತ್ರ ಬರೀ ಮರಳು, ಹತ್ತಿ ಇಳಿಯೋದು ಇಲ್ಲ, ಅಮ್ಮಂಗೆ ಸುಧಾರಿಸ್ಕೊಳೋಕೆ ಒಳ್ಳೆ ಜಾಗ. ಡಿಂಗಲ್ ಊರಿಂದ ಸಮುದ್ರದ ಅಂಚಲ್ಲೇ ಹೋಗೋ ಸ್ಲೇ ಹೆಡ್ ಸುತ್ತು ಬರೀ 47 ಕಿ.ಮೀ. ಅಷ್ಟೇನಾ ಅನ್ಸತ್ತೆ, ನಾವು ಬೆಳಿಗ್ಗೆ ಹತ್ತಕ್ಕೆ ಹೊರಟವ್ರು ವಾಪಸ್ ಬಂದಾಗ ನಾಲ್ಕೂವರೆ. ಗಡಿಯಾರದ ಮುಳ್ಳು ತಿರುಗೋ ದಿಕ್ಕಲ್ಲೇ ಹೋಗಿ, ಆಗ ಸಮುದ್ರ ಎಡಕ್ಕೆ, ನೀವೂ ಎಡಗಡೆ, ನಿಲ್ಸೋ ಜಾಗ ಎಲ್ಲ ಅದೇ ಕಡೆ ಸಿಗತ್ತೆ, ಬಸ್ಸುಗಳೂ ಹಂಗೇ ಹೋಗೋದು, ಎದುರು ಬಂದು ತಗಲಾಕ್ಕೊಳಲ್ಲ. ಒಂದ್ ಕಡೆ ಗುಡ್ಡದ ತೊರೆ ರೋಡ್ ಮೇಲೇ ಹರಿಯತ್ತೆ, ಸೇತುವೆ ಇಲ್ಲ, ಗಾಬ್ರಿ ಆಗ್ಬೇಡಿ, ಫಸ್ಟ್ ಗೇರಲ್ಲಿ ದಾಟಿ. ಡನ್‌ಕ್ವಿನ್ ಹತ್ರ ದೋಣಿ ಕಟ್ಟೆಗೆ ಹಾವಿನ ಥರ ಸುತ್ತಿ ಇಳಿಯೋ ಕಾಂಕ್ರೀಟ್ ದಾರಿ ಇದೆ, ಫೋಟೋದಲ್ಲಿ ನೋಡಿರ್ತೀರಿ. ಅಲ್ಲಿ ಕಾರ್ ಇಳಿಸ್ಬೇಡಿ, ತಿರುಗ್ಸೋಕಾಗಲ್ಲ, ಅಪ್ಪನ್ನೂ ಇಳಿಸ್ಬೇಡಿ, ಹತ್ತೋಕಾಗಲ್ಲ 😄 ಮೇಲಿಂದನೇ ಚಂದ. ಎದುರಿಗೆ ಕಾಣೋದು ಬ್ಲಾಸ್ಕೆಟ್ ದ್ವೀಪ, 1953ರಲ್ಲಿ ಅಲ್ಲಿ ಉಳಿದಿದ್ದೋರನ್ನ ಸರ್ಕಾರನೇ ಖಾಲಿ ಮಾಡ್ಸಿದ್ದು, ಹವಾ ಕೆಟ್ರೆ ದಿನಗಟ್ಲೆ ದೋಣಿ ಬರ್ತಿರ್ಲಿಲ್ಲ, ಡಾಕ್ಟ್ರೂ ಇರ್ಲಿಲ್ಲ. ಈಚೆ ದಡದಲ್ಲಿ ಅದರದ್ದೇ ಮ್ಯೂಸಿಯಂ ಇದೆ, ಮಳೆ ಹೊಡೆದ್ರೆ ಒಳಗ್ ಕೂರ್ಬೋದು.

ಧಾರವಾಡ_ಪೇಡೆ:
ಡಿಂಗಲ್ ಚಲೋ ಐತ್ರಿ, ಆದ್ರ ಕಾನರ್ ಪಾಸ್ ಘಾಟಿ ಕಡೆ ಮಾತ್ರ ಅಮ್ಮಾರನ್ನ ಕರ್ಕೊಂಡ್ ಹೋಗಬ್ಯಾಡ್ರಿ. ಬಸ್ಸು ಲಾರಿ ಬಿಡೂದಿಲ್ಲ ಅಲ್ಲೆ, ಅಷ್ಟ್ ಸಣ್ಣ ರೋಡು, ಒಂದ್ ಕಡೆ ಬಂಡೆಗಲ್ಲು ಇನ್ನೊಂದ್ ಕಡೆ ಗೋಡಿ. ನಾ ಹೋದಾಗ ಎದುರ್ ಬಂದವಂಗ ದಾರಿ ಬಿಡಾಕ್ ಹೋಗಿ ಎಡಗಡಿ ಕನ್ನಡಿ ಬಂಡೆಗಲ್ಲಿಗೆ ಉಜ್ಜಿ ಪಟ್ ಅಂತ ಮಡಚ್ಕೊಂತು, ಬಾಡಿಗಿ ಕಾರು, ಪೂರಾ ಇನ್ಶೂರೆನ್ಸ್ ತಗೊಂಡಿರ್ಲಿಲ್ಲ, ಆಮ್ಯಾಲೆ ಬಂದ ಬಿಲ್ ನೋಡಿ ನನ್ ಹೆಂಡ್ತಿ ವಾರಗಟ್ಲೆ ಮಾತಾಡ್ಸಿಲ್ಲ. ಇನ್ನೊಂದ್ ಮಾತು, 2025ರ ಫೆಬ್ರವರಿಯಿಂದ ಹಳ್ಳಿ ಕಡಿ ಎಲ್ ನಂಬರಿನ, ಅಂದ್ರ ಲೋಕಲ್ ರೋಡಿಗೆ ಸ್ಪೀಡ್ ಲಿಮಿಟ್ 80 ಇದ್ದದ್ದು 60 ಮಾಡ್ಯಾರ. 60ಕ್ಕೂ ಹೋಗಾಕಾಗೂದಿಲ್ಲ ಬಿಡ್ರಿ, ನಡುವ ಕುರಿ ಮಲ್ಕೊಂಡಿರ್ತಾವ.

ಅಲೆಮಾರಿ_ಐಟಿ:
ಎಲ್ರೂ ಡಿಂಗಲ್ ಡಿಂಗಲ್ ಅಂತೀರ, ಜೂನ್‌ನಲ್ಲಿ ಅಲ್ಲಿ ಪಾರ್ಕಿಂಗ್ ಸಿಗಲ್ಲ. ಎರಡನೇ ದಿನ ಕೆನ್ಮೇರ್ ಊರಿನ ಮೇಲೆ ಬೇರಾ ಅನ್ನೋ ಪರ್ಯಾಯ ದ್ವೀಪದ ಕಡೆ ಹೋಗಿ, ಅದ್ರ ಅರ್ಧ ಜನನೂ ಇರಲ್ಲ. ಅಲ್ಲಿನ ಹೀಲಿ ಪಾಸ್ ಘಾಟಿ ಹತ್ಬೇಡಿ, ನಿಂಬೆಹಣ್ಣು ಸಾಲಲ್ಲ, ಕರಾವಳಿ ರೋಡಲ್ಲೇ ಇರಿ.

ಜಡಿಮಳೆ:
ಬೇರಾ ಚೆನ್ನಾಗಿದೆ ಒಪ್ತೀನಿ, ಆದ್ರೆ ವಾಂತಿ ಬರೋರಿಗೆ ಆ ಕರಾವಳಿ ರೋಡೂ ಕಮ್ಮಿ ಏನಲ್ಲ ಮಾರಾಯ್ರೆ.

ಕೊಡಚಾದ್ರಿ88:
ಬೋರ್ಡ್ ವಿಷ್ಯ ಯಾರೂ ಹೇಳ್ಲಿಲ್ಲ. ಡಿಂಗಲ್ ದಾಟಿದ್ಮೇಲೆ ಐರಿಶ್ ಮಾತಾಡೋ ಸೀಮೆ, ಬೋರ್ಡಲ್ಲಿ ಇಂಗ್ಲಿಷ್ ಹುಡುಕ್ಬೇಡಿ. ರೋಡ್ ಮೇಲೆ ದೊಡ್ಡ ಬಿಳಿ ಅಕ್ಷರದಲ್ಲಿ 'ಗೋ ಮಾಲ್' ಅಂತ ಬರ್ದಿರತ್ತೆ, ನಿಧಾನ ಅಂತ ಅರ್ಥ. ನಮ್ಮಪ್ಪ ಅದನ್ನ ಗೋಲ್‌ಮಾಲ್ ಅಂತ ಓದಿ ದಾರಿ ಪೂರ್ತಿ ನಗ್ತಿದ್ರು. ಸರ್ಕಾರ ಊರಿನ ಇಂಗ್ಲಿಷ್ ಹೆಸರು ತೆಗ್ದು ಬರೀ 'ಆನ್ ಡಾಂಗನ್' ಅಂತ ಮಾಡಿದಾಗ ಊರವ್ರೇ ಗಲಾಟೆ ಮಾಡಿ, 2006ರಲ್ಲಿ ಓಟ್ ಹಾಕಿ ಡಿಂಗಲ್ಲೇ ಬೇಕು ಅಂದ್ರಂತೆ, ನಮ್ ಬೆಂಗ್ಳೂರು ಬೋರ್ಡ್ ಜಗಳಾನೇ ಉಲ್ಟಾ ಆದಂಗೆ. ಇನ್ನು ಎದುರು ಬರೋ ಪ್ರತಿ ಕಾರಿನವ್ರೂ ಸ್ಟೇರಿಂಗಿಂದ ಒಂದೇ ಒಂದು ಬೆರಳು ಎತ್ತಿ ನಮಸ್ಕಾರ ಹೇಳ್ತಾರೆ, ನೀವೂ ಎತ್ತಿ. ಊಟಕ್ಕೆ: ತರಕಾರಿ ಸೂಪ್ ಅಂತ ಬೋರ್ಡ್ ಹಾಕಿದ್ರೂ ಚಿಕನ್ ಸ್ಟಾಕ್ ಹಾಕಿದೀರಾ ಅಂತ ಕೇಳ್ದೆ ಕೊಡಿಸ್ಬೇಡಿ. ನಾವು ಪುಳಿಯೋಗರೆ ಕಟ್ಕೊಂಡು ಹೋಗಿ ಗಾಳಿಗೆ ತಟ್ಟೆ ಹಾರತ್ತೆ ಅಂತ ಕಾರೊಳಗೇ ಕೂತು ತಿಂದ್ವಿ, ಕಿಟಕಿ ಪಕ್ಕ ಬೇಲಿ ತುಂಬ ಕೆಂಪು ಫ್ಯೂಷಾ ಹೂವು, ಅಮ್ಮ ಒಂದ್ ಕಡ್ಡಿ ಊರಿಗೆ ತಗೊಂಡ್ ಹೋಗ್ಲಾ ಅಂತ ಕೇಳಿದ್ದೇ ಕೇಳಿದ್ದು.

ಹೇಮಾವತಿ_ದಂಡೆ:
ಎಲ್ರಿಗೂ ಥ್ಯಾಂಕ್ಸ್. ರಿಂಗ್ ಕ್ಯಾನ್ಸಲ್. ಮೊದ್ಲ ದಿನ ಇಂಚ್, ಸ್ಲೇ ಹೆಡ್, ಎರಡನೇ ದಿನ ಕಿಲಾರ್ನಿ ಕೆರೆ ಪಕ್ಕ ಸುಮ್ನೆ ಕೂರೋದು. ಈಗ ಹೊಸ ತಲೆನೋವು, ಅಪ್ಪ ಇಲ್ಲೂ ಎಡಗಡೆನೇ ತಾನೆ, ನನ್ ಲೈಸೆನ್ಸ್ ತರ್ತೀನಿ ಒಂದ್ ರೌಂಡ್ ಓಡಿಸ್ತೀನಿ ಅಂತಿದಾರೆ.

ಜಡಿಮಳೆ:
ವಿಸಿಟರ್ ಅಂತ ಬಂದವ್ರು ಇಂಡಿಯಾ ಲೈಸೆನ್ಸಲ್ಲಿ ಓಡಿಸ್ಬೋದು, ಲೈಸೆನ್ಸ್ ಚಾಲ್ತೀಲಿರ್ಬೇಕಷ್ಟೆ. ಆದ್ರೆ ನಿಮ್ ಇನ್ಶೂರೆನ್ಸಲ್ಲಿ ಅವ್ರ ಹೆಸ್ರು ಸೇರಿಸ್ದೆ ಸ್ಟೇರಿಂಗ್ ಕೊಡ್ಬೇಡಿ.

ಹೇಮಾವತಿ_ದಂಡೆ:
ಅಮ್ಮನ್ನ ಕೇಳ್ದೆ. ಅವ್ರು ಓಡಿಸ್ತಾರಂದ್ರೆ ನಾನು ಬಸ್ಸಲ್ಲಿ ಬರ್ತೀನಿ ಅಂದ್ರು.