ಒಂದೇ ಬೋರು, ಎರಡು ರಿಪೋರ್ಟು: ಯಾವುದು ಖರೇ?

ಪ್ರಶ್ನೆ (ಕುಷ್ಟಗಿ ತಾಲ್ಲೂಕು): ಸರ್, ನಮ್ಮೂರ ಬೋರಿನ ನೀರು ಎರಡ ಸಲ ಟೆಸ್ಟ್ ಮಾಡ್ಸೀವ್ರಿ. ಊರಾಗ ಕಿಟ್‌ನಾಗ ನೋಡಿದ್ರ ಫ್ಲೋರೈಡ್ ಲೀಟರಿಗೆ 2.5 ಮಿಲಿಗ್ರಾಂ, ಲ್ಯಾಬಿನಾಗ 1.3. ಕಿಟ್‌ಗೆ ಹಾಕಿದ್ದು ಟ್ಯಾಂಕಿ ನಳದ ನೀರು, ಅವತ್ತ ಬ್ಲೀಚಿಂಗ್ ಪೌಡರ್ ಹಾಕಿದ್ರು. ಲ್ಯಾಬಿಗೆ ಕೊಟ್ಟಿದ್ದು ಮೋಟಾರ್ ಚಾಲೂ ಮಾಡಿದ ಕೂಡ್ಲೇ ಹಿಡಿದ ಬೋರಿನ ನೀರು. ಯಾವುದನ್ನ ನಂಬೋಣ್ರಿ?

ಉತ್ತರ: ಎರಡನ್ನೂ ಬದಿಗಿಟ್ಟು ಹೊಸ ಸ್ಯಾಂಪಲ್ ಹಿಡೀರಿ. ಜಿರ್ಕೋನಿಯಂ ಬಣ್ಣದ ಕಿಟ್‌ನಲ್ಲಿ ಫ್ಲೋರೈಡ್ ಹೆಚ್ಚಿದ್ದಷ್ಟೂ ಬಣ್ಣ ಮಾಸುತ್ತದೆ. ಕ್ಲೋರಿನ್ ಕೂಡ ಅದೇ ಬಣ್ಣವನ್ನು ಮಾಸಿಸುತ್ತದೆ. ಹಾಗಾಗಿ ನಿಮ್ಮ 2.5ರಲ್ಲಿ ಬ್ಲೀಚಿಂಗ್‌ನ ಪಾಲೂ ಸೇರಿರಬಹುದು. ಲ್ಯಾಬಿನ ತಪ್ಪೂ ಇಲ್ಲ, ಆದರೆ ಮೊದಲು ಬಂದ ನೀರು ಬೋರಿನೊಳಗೇ ನಿಂತದ್ದು, ಬಂಡೆಯ ಸೀಳಿನಿಂದ ಬರುವ ನೀರಲ್ಲ.

ಎಷ್ಟು ಹೊತ್ತು ಬಿಡಬೇಕು ಅನ್ನೋದಕ್ಕೆ ಲೆಕ್ಕ ಇದೆ. ಆರೂವರೆ ಇಂಚಿನ ಬೋರಿನಲ್ಲಿ ಒಂದು ಮೀಟರಿಗೆ ಸುಮಾರು 21 ಲೀಟರ್ ನೀರು. ಬೋರು 100 ಮೀಟರ್ ಆಳ, ನೀರು 40ಕ್ಕೆ ಸಿಕ್ಕರೆ 60 ಮೀಟರ್ ನೀರು ನಿಂತಿದೆ, ಅಂದರೆ ಹತ್ತತ್ರ 1,280 ಲೀಟರ್. ಇದರ ಮೂರರಷ್ಟು ಹೊರಗೆ ಹೋಗಲಿ. 20 ಲೀಟರ್ ಬಕೆಟ್ 12 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 100 ಲೀಟರ್, ಸುಮಾರು 40 ನಿಮಿಷ ಬೇಕು. ದಿನಾ ಓಡುವ ಮೋಟಾರಿಗೆ ಇಷ್ಟೆಲ್ಲ ಬೇಡ: ಐದೈದು ನಿಮಿಷಕ್ಕೊಮ್ಮೆ ಮೀಟರಿನಲ್ಲಿ ವಿದ್ಯುತ್ ವಾಹಕತೆ (ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಏರುವ ಅಂಕಿ) ನೋಡಿ, ಮೂರು ಸಲ ಹೆಚ್ಚುಕಮ್ಮಿ ಒಂದೇ ಬಂದರೆ ಹಿಡಿಯಿರಿ. ನೀರು ಟ್ಯಾಂಕಿಗೆ ಹೋಗುವ ಮುಂಚೆಯೇ ತಗೋಬೇಕು, ಇದನ್ನೇ ಎಲ್ಲರೂ ಮರೆಯೋದು. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ. ಫ್ಲೋರೈಡ್‌ಗೆ ಯಾವ ರಾಸಾಯನಿಕವೂ ಬೇಡ, 28 ದಿನ ತಡೆಯುತ್ತದೆ.

ಲ್ಯಾಬಿನವರಿಗೆ ‘ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್‌ನಲ್ಲಿ ಮಾಡ್ತೀರಾ’ ಅಂತ ಕೇಳಿ, ಅದು ಫ್ಲೋರೈಡನ್ನೇ ಗುರುತಿಸಿ ಅಳೆಯುವ ಉಪಕರಣ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ. ಬೇರೆ ನೀರೇ ಇಲ್ಲದಿದ್ದರೆ ಮಾತ್ರ 1.5. ಅಂದರೆ 1.3 ಅಂತ ಬಂದರೂ ನಿಶ್ಚಿಂತೆಯಾಗಿ ಕೂರುವ ಹಾಗಿಲ್ಲ.

ಪ್ರಶ್ನೆ: ನಮ್ಮ ಬೋರಿನ ಟಿಡಿಎಸ್ ಬರೇ 400 ಅದ ಮೇಡಂ, ಫ್ಲೋರೈಡ್ ಇರಂಗಿಲ್ಲ ಅಲ್ರಿ?

ಉತ್ತರ: ಹಾಗೆ ಹೇಳಕ್ಕಾಗಲ್ಲ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣ. ಆ ಮೀಟರ್ ಎಲ್ಲ ಲವಣ ಸೇರಿದ ವಾಹಕತೆ ತೋರಿಸುತ್ತದೆ, 400ರೊಳಗಿನ 2 ಮಿಲಿಗ್ರಾಂ ಅದಕ್ಕೆ ಗೊತ್ತೇ ಆಗೋದಿಲ್ಲ. ನಮ್ಮ ಗ್ರಾನೈಟ್, ನೈಸ್ ಬಂಡೆಯ ನೀರಿನಲ್ಲಿ ಕ್ಯಾಲ್ಸಿಯಂ ಕಮ್ಮಿಯಾಗಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಾದಾಗ ಫ್ಲೋರೈಡ್ ಏರುತ್ತದೆ. ಕ್ಯಾಲ್ಸಿಯಂ ಇದ್ದರೆ ಅದರ ಜೊತೆ ಸೇರಿ ತಳಕ್ಕಿಳಿಯುತ್ತಿತ್ತು. ಹಾಗಾಗಿ ಬೇಳೆ ಚೆನ್ನಾಗಿ ಬೇಯುವ, ಅಂದರೆ ಕ್ಯಾಲ್ಸಿಯಂ ಕಮ್ಮಿಯಿರುವ ಸಪ್ಪೆ ನೀರನ್ನೂ ಟೆಸ್ಟ್ ಮಾಡಿಸಿ.

ಪ್ರಶ್ನೆ (ಲಿಂಗಸುಗೂರು): ಅದೇ ಬಾಟಲಿಯೊಳಗ ಆರ್ಸೆನಿಕ್ ನೋಡಬಹುದೇನ್ರಿ? ಹಟ್ಟಿ ಸಮೀಪ ಅದೀವಿ.

ಉತ್ತರ: ಬೇರೆ ಬಾಟಲಿ ಬೇಕು. ಹಟ್ಟಿಯ ಚಿನ್ನದ ಅದಿರಿನ ಜೊತೆ ಆರ್ಸೆನೊಪೈರೈಟ್ (ಆರ್ಸೆನಿಕ್ ಇರುವ ಖನಿಜ) ಇರುತ್ತದೆ, ನೋಡಿಸುವುದು ಒಳ್ಳೆಯದೇ. ಲೀಟರಿಗೆ ಸುಮಾರು 1.5 ಮಿಲಿ ಗಾಢ ನೈಟ್ರಿಕ್ ಆಮ್ಲ ಹಾಕಿ ಪಿಎಚ್ (ಆಮ್ಲತೆಯ ಅಳತೆ) 2ಕ್ಕಿಂತ ಕೆಳಗಿಳಿಸಬೇಕು. ನಮ್ಮ ಕ್ಷಾರದ ನೀರಿಗೆ ಇನ್ನೂ ಬೇಕಾಗಬಹುದು, ಪಿಎಚ್ ಪಟ್ಟಿಯಲ್ಲಿ ನೋಡಿ. ಆಮ್ಲ ನೀವೇ ಸುರಿಯಬೇಡಿ, ಲ್ಯಾಬಿನಿಂದ ಆಮ್ಲ ಹಾಕಿದ ಬಾಟಲಿ ಇಸ್ಕೊಳ್ಳಿ. ಅದನ್ನು ಮಾತ್ರ ತೊಳೆಯಬಾರದು. ಆರ್ಸೆನಿಕ್‌ಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನೈಟ್ರೇಟ್ ಬೇಕಿದ್ದರೆ ಮೂರನೇ ಬಾಟಲಿ, ಆಮ್ಲವಿಲ್ಲದೆ ಐಸ್ ಡಬ್ಬಿಯಲ್ಲಿಟ್ಟು 48 ಗಂಟೆಯೊಳಗೆ ಮುಟ್ಟಿಸಿ.

ಪ್ರಶ್ನೆ: ಅಲ್ಲೀ ತನಕ ಕಾಸಿ ಕುಡದ್ರ ಆಗತ್ತೇನ್ರಿ?

ಉತ್ತರ: ಫ್ಲೋರೈಡ್‌ಗೂ ಆರ್ಸೆನಿಕ್‌ಗೂ ಕಾಸುವುದು ಮದ್ದಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಏರುತ್ತದೆ. ರಿಪೋರ್ಟ್ ಬರೋ ತನಕ ಕುಡಿಯಕ್ಕೆ, ಅಡಿಗಿಗೆ ಆರ್‌ಒ ಘಟಕದ ನೀರು ತರ್ರಿ. ಮೈ ತೊಳ್ಕೊಳ್ಳಾಕ, ಬಟ್ಟಿ ಒಗಿಯಾಕ ಬೋರಿನ ನೀರು ನಡೀತದ.