ಗಡಿಯಾರ ಯಾರ ಕೈಯಲ್ಲಿತ್ತು?

ಹೊಳೆದಂಡೆ: ‘ದ ಕ್ಲಾಕ್ ಈಸ್ ಟಿಕಿಂಗ್’ (ಗಡಿಯಾರ ಓಡುತ್ತಿದೆ) ಎನ್ನುವುದು ಬ್ರೆಕ್ಸಿಟ್ ಕಾಲದಲ್ಲಿ, ಅಂದರೆ ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಬರುವಾಗ, ಒಕ್ಕೂಟದ ಸಂಧಾನಕಾರ ಮಿಷೆಲ್ ಬಾರ್ನಿಯೆ ಅವರ ನಿತ್ಯಜಪವಾಗಿತ್ತು. ಹೊರಹೋಗುವುದಕ್ಕೆ ಯುರೋಪ್ ಕೇಳುತ್ತಿರುವ ಹಣ ಸುಲಿಗೆಯಂತಿದೆ, ಸಿಳ್ಳೆ ಹೊಡೆಯುತ್ತ ಕೂರಲಿ (ಒಂದು ಕಾಸೂ ಸಿಗದು) ಎಂದು 2017ರ ಜುಲೈನಲ್ಲಿ ಬ್ರಿಟನ್ನಿನ ಅಂದಿನ ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್ ಮೂದಲಿಸಿದರು. ನನಗೆ ಸಿಳ್ಳೆ ಕೇಳಿಸುತ್ತಿಲ್ಲ, ಗಡಿಯಾರದ ಟಿಕ್ ಟಿಕ್ ಮಾತ್ರ ಕೇಳಿಸುತ್ತಿದೆ ಎಂದರು ಬಾರ್ನಿಯೆ. ಇದು ಶುದ್ಧ ಬೆದರಿಕೆ.

ಕಡತಪ್ರಿಯ: ಬೆದರಿಕೆ ಹೇಗಾಗುತ್ತದೆ ಸ್ವಾಮಿ? ಹೊರಹೋಗುವ ನೋಟಿಸ್ ಕೊಟ್ಟ ದಿನದಿಂದ ಎರಡು ವರ್ಷ ಎಂದು ಯುರೋಪ್ ಒಕ್ಕೂಟದ ಒಪ್ಪಂದದ 50ನೆಯ ವಿಧಿಯೇ ಹೇಳುತ್ತದೆ. 2017ರ ಮಾರ್ಚ್ 29ರಂದು ನೋಟಿಸ್ ಕೊಟ್ಟದ್ದು ಬ್ರಿಟನ್. ಕೊಟ್ಟವರು ಮಾತುಕತೆಗೆ ಸಿದ್ಧರಾಗುವುದು ಬಿಟ್ಟು ಜೂನ್‌ನಲ್ಲಿ ಚುನಾವಣೆಗೆ ಹೊರಟರು!

ಹೊಳೆದಂಡೆ: ಯುರೋಪಿನವರಿಗೆ ಬೇಕಾದಾಗ ಗಡಿಯಾರ ನಿಲ್ಲುತ್ತದೆ ಎಂಬುದನ್ನೂ ಹೇಳಿ. ಯುರೋಪ್ ದೇಶಗಳ ಸಾಮಾನ್ಯ ಕೃಷಿ ನೀತಿ 1961ರ ಡಿಸೆಂಬರ್ 31ರೊಳಗೆ ಇತ್ಯರ್ಥವಾಗಬೇಕಿತ್ತು. ಆಗಲಿಲ್ಲ. ಬ್ರಸೆಲ್ಸಿನಲ್ಲಿ ಗಡಿಯಾರ ನಿಲ್ಲಿಸಿ, ಇನ್ನೂ ಡಿಸೆಂಬರ್ 31 ಎಂದೇ ನಟಿಸುತ್ತ, ಜನವರಿ 14ರವರೆಗೆ ಚೌಕಾಸಿ ಮಾಡಿದರು.

ಲೆಸ್ಟರ್ ಕನ್ನಡತಿ: ನಮಗೂ 2019ರ ಮಾರ್ಚ್ 29 ಹೋಗಿ ಏಪ್ರಿಲ್ 12, ಅದು ಹೋಗಿ ಅಕ್ಟೋಬರ್ 31, ಕೊನೆಗೆ 2020ರ ಜನವರಿ 31 ಎಂದು ಗಡುವು ಬೆಳೆಯುತ್ತಲೇ ಹೋಯಿತು. ನನ್ನ ಸಿಟ್ಟು ಆಮೇಲಿನ ವ್ಯಾಪಾರ ಒಪ್ಪಂದದ ಬಗ್ಗೆ. 2020ರ ಡಿಸೆಂಬರ್ 24ರಂದು ಒಪ್ಪಿಗೆ, 31ಕ್ಕೆ ಗಡುವು. 1,200ಕ್ಕೂ ಹೆಚ್ಚು ಪುಟಗಳ ಒಪ್ಪಂದದ ಮಸೂದೆಯನ್ನು ಬ್ರಿಟನ್ ಸಂಸತ್ತು 30ರಂದು ಒಂದೇ ದಿನದಲ್ಲಿ ದಾಟಿಸಿತು. ಯಾರು ಓದಿದರೋ! ಅದರಲ್ಲಿ ಎಂದೋ ಮೂಲೆ ಸೇರಿದ್ದ ನೆಟ್‌ಸ್ಕೇಪ್ ಕಮ್ಯುನಿಕೇಟರನ್ನು ಆಧುನಿಕ ಇ-ಮೇಲ್ ತಂತ್ರಾಂಶವೆಂದು ಬರೆದಿತ್ತು.

ಕಡತಪ್ರಿಯ: ಮೇಡಂ, ಆ ಸಾಲು 2008ರ ಯುರೋಪ್ ನಿಯಮದಿಂದ ಹಾಗೆಯೇ ಎತ್ತಿಕೊಂಡದ್ದು. ಅವಸರದ ತಪ್ಪಲ್ಲ.

ಲೆಸ್ಟರ್ ಕನ್ನಡತಿ: ಸಮಯವಿದ್ದವರು ನಕಲು ಮಾಡಿದ್ದನ್ನು ಒಮ್ಮೆಯಾದರೂ ಓದುತ್ತಾರೆ. ಯುರೋಪಿನ ಸಂಸತ್ತನ್ನೇ ನೋಡಿ: ಪರಿಶೀಲನೆಗೆ ಕಾಲ ಸಾಲದು ಎಂದು, ಒಪ್ಪಂದವನ್ನು ತಾತ್ಕಾಲಿಕವಾಗಿ ಜಾರಿಯಲ್ಲಿಟ್ಟು, 2021ರ ಏಪ್ರಿಲ್ ಕೊನೆಯಲ್ಲಿ ಮತ ಹಾಕಿತು. ಅವರಿಗೆ ನಾಲ್ಕು ತಿಂಗಳು, ನಮ್ಮ ಸಂಸದರಿಗೆ ಒಂದು ದಿನ.

ಕಡತಪ್ರಿಯ: 2020ರ ಜೂನ್ ಮುಗಿಯುವುದರೊಳಗೆ ಕೇಳಿದ್ದರೆ ಸಂಕ್ರಮಣ ಅವಧಿಯನ್ನು (ಹೊರಬಂದ ಮೇಲೂ ಹಳೆಯ ನಿಯಮಗಳೇ ನಡೆಯುತ್ತಿದ್ದ ಕಾಲವನ್ನು) ಎರಡು ವರ್ಷದವರೆಗೆ ಬೆಳೆಸಲು ಅವಕಾಶವಿತ್ತು. ಬೇಡವೆಂದದ್ದು ನಿಮ್ಮ ಸರ್ಕಾರವೇ.

ಲೆಸ್ಟರ್ ಕನ್ನಡತಿ: ಬೇಡವೆಂದದ್ದು ಸರ್ಕಾರ, ತೆತ್ತದ್ದು ಬೇರೆಯವರು. ಸ್ಕಾಟ್ಲೆಂಡಿನ ಮೀನು ವ್ಯಾಪಾರಿಗಳು ಯುರೋಪಿಗೆ ಸರಕು ಕಳುಹಿಸಲು ಬೇಕಾದ ಹೊಸ ಪ್ರಮಾಣಪತ್ರಗಳಿಗಾಗಿ ಪರದಾಡಿ, 2021ರ ಜನವರಿಯಲ್ಲಿ ತಮ್ಮ ಲಾರಿಗಳನ್ನು ಲಂಡನ್ನಿನ ಸರ್ಕಾರಿ ಕಚೇರಿಗಳ ಬೀದಿಗೇ ತಂದು ನಿಲ್ಲಿಸಿದರು.